ಗುಹೆ ಹೊಕ್ಕ ಕೋತಿಗಳು ಎಷ್ಟು?

ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿ ಕೋತಿಗಳ ಲೆಕ್ಕವೊಂದಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಉಳಿದದ್ದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗುಹೆ ಹೊಕ್ಕಿವೆ; ಒಂದು ಮಾತ್ರ ಹೊರಗೆ ಕಾಣುತ್ತಿದೆ. ಒಟ್ಟು ಎಷ್ಟು? ಸಮೀಕರಣ ಬಿಡಿಸಿದರೆ ಎರಡು ಉತ್ತರ ಬರುತ್ತದೆ, 50 ಮತ್ತು 5. ಐವತ್ತರ ಐದನೇ ಭಾಗ ಹತ್ತು, ಮೂರು ಕಳೆದರೆ ಏಳು, ಅದರ ವರ್ಗ 49, ಹೊರಗಿನದು ಸೇರಿ ಐವತ್ತು. ಐದನ್ನಿಟ್ಟು ನೋಡಿದರೂ ಲೆಕ್ಕ ಕೂಡುತ್ತದೆ: ಒಂದರಲ್ಲಿ ಮೂರು ಕಳೆದರೆ ಋಣ ಎರಡು, ಅದರ ವರ್ಗ ನಾಲ್ಕು, ಹೊರಗಿನದೊಂದು. ಆದರೆ ಒಂದು ಕೋತಿಯಲ್ಲಿ ಮೂರು ಕೋತಿ ಕಳೆಯುವುದು ಹೇಗೆ? ಭಾಸ್ಕರ ಈ ಉತ್ತರವನ್ನು ಬಿಟ್ಟುಬಿಡುತ್ತಾನೆ. ಎಣಿಕೆ ಋಣವಾದರೆ ಜನ ನಂಬುವುದಿಲ್ಲ ಎಂಬುದು ಅವನು ಕೊಡುವ ಕಾರಣ.

ನಿಯಮ ಹೌದೆಂದದ್ದಕ್ಕೆ ಲೋಕ ಅಲ್ಲವೆಂದಿತು. ಬೀಜಗಣಿತ ಕಲಿಯುವುದೆಂದರೆ ಈ ಎರಡು ತೀರ್ಪುಗಳನ್ನು ಬೆರೆಸದೆ, ಒಂದಾದ ಮೇಲೊಂದರಂತೆ ಕೊಡಲು ಕಲಿಯುವುದು ಎಂಬುದು ನನ್ನ ವಾದ. ಗೊತ್ತಿಲ್ಲದ್ದನ್ನು ಎಕ್ಸ್ ಎಂದು ಕರೆದು, ಅದು ಕೋತಿಯೋ ಕಾಸೋ ಎಂಬುದನ್ನು ಮರೆತು ಕೂಡುತ್ತೇವೆ, ಕಳೆಯುತ್ತೇವೆ. ಇದು ತಲೆ ಓಡಿಸದೆ ಮಾಡುವ ಯಾಂತ್ರಿಕ ಕೆಲಸವೆಂದು ಆಕ್ಷೇಪಿಸುವವರಿದ್ದಾರೆ. ನಡುವಿನ ಹೆಜ್ಜೆಗಳ ಮಟ್ಟಿಗೆ ಅದು ನಿಜ. ಆದರೆ ಮಾತಿನ ಲೆಕ್ಕವನ್ನು ಸಮೀಕರಣಕ್ಕೆ ಇಳಿಸುವಾಗ, ಬಂದ ಉತ್ತರ ಸಲ್ಲುತ್ತದೆಯೇ ಎಂದು ತೂಗುವಾಗ ಯಾವ ಸೂತ್ರವೂ ನೆರವಿಗೆ ಬರುವುದಿಲ್ಲ. (ಪರೀಕ್ಷೆಗಳು ನಡುವಿನ ಹೆಜ್ಜೆಗಳಿಗೇ ಅಂಕ ಸುರಿಯುತ್ತವೆ, ಅದು ಬೇರೆ ಮಾತು.)

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಅರ್ಥವಿಲ್ಲದ್ದನ್ನು ಕೊನೆಯವರೆಗೂ ಹೊರುವುದೇಕೆ, ಕಂಡಲ್ಲೇ ಕೈಬಿಡಬಾರದೇ? 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಅದನ್ನೇ ಮಾಡಿದ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ. ವರ್ಗ ಸಮೀಕರಣಗಳಿಗೆ ಈ ತೀರ್ಪು ಸಾಕಾಗಿತ್ತು. ಅಲ್ಲಿ ಋಣದ ವರ್ಗಮೂಲ ಎದುರಾದರೆ ಲೆಕ್ಕಕ್ಕೆ ಉತ್ತರವಿಲ್ಲ ಎಂದುಕೊಳ್ಳಬಹುದು. ಘನ ಸಮೀಕರಣದಲ್ಲಿ ಅದು ನಡೆಯಲಿಲ್ಲ. ಎಕ್ಸ್‌ನ ಘನವು 15 ಎಕ್ಸ್ ಮತ್ತು 4ರ ಮೊತ್ತಕ್ಕೆ ಸಮ ಎಂದಿರಲಿ. ಉತ್ತರ 4, ಗುಣಿಸಿ ನೋಡಿದರೆ ಎರಡೂ ಕಡೆ 64. ಆದರೆ ಘನ ಸಮೀಕರಣ ಬಿಡಿಸುವ ಸೂತ್ರ ಹಿಡಿದು ಹೊರಟರೆ ದಾರಿಯಲ್ಲಿ ಋಣ 121ರ ವರ್ಗಮೂಲ ಅಡ್ಡ ನಿಲ್ಲುತ್ತದೆ. ಇಟಲಿಯ ಬೊಂಬೆಲ್ಲಿ 1572ರಲ್ಲಿ ಅದಕ್ಕೂ ನಿಯಮ ಕಟ್ಟಿ ಮುಂದೆ ನಡೆದ; ಕೊನೆಯಲ್ಲಿ ಆ ವಿಚಿತ್ರ ಭಾಗಗಳು ಒಂದನ್ನೊಂದು ಹೊಡೆದುಹಾಕಿ 4 ಉಳಿಯಿತು.

ಹಾಗಾಗಿ ತಳ್ಳಿಹಾಕುವ ಹಕ್ಕು ನಮಗಿದ್ದರೂ ಅದನ್ನು ಎಲ್ಲಿ ಚಲಾಯಿಸುತ್ತೇವೆ ಎಂಬುದು ಮುಖ್ಯ. ಹತ್ತನೇ ತರಗತಿಯ ಮಕ್ಕಳು 'ಉದ್ದ ಋಣವಾಗಿರಲು ಸಾಧ್ಯವಿಲ್ಲ' ಎಂದು ಬರೆದು ಒಂದು ಮೂಲವನ್ನು, ಋಣ ಐದು ಎನ್ನೋಣ, ಬಿಡುತ್ತಾರೆ, ಎಷ್ಟೋ ಸಲ ಬಾಯಿಪಾಠದಿಂದ. ಎಕ್ಸ್ ಹೊಲದ ಉದ್ದವಾಗಿರದೆ ಇಂದಿನಿಂದ ಎಣಿಸಿದ ದಿನಗಳಾಗಿದ್ದರೆ ಅದೇ ಋಣ ಐದು, ಐದು ದಿನದ ಹಿಂದೆ ಎಂಬ ಸರಿಯಾದ ಉತ್ತರವಾಗಬಹುದಿತ್ತು.