ದೂರವೆಷ್ಟು, ಹೊತ್ತೆಷ್ಟು?

ದೂರವನ್ನು ಕಾಲದಿಂದ ಅಳೆಯುವುದು ನಮಗೆ ಹೊಸತಲ್ಲ. ‘ಅರ್ಧ ದಿನದ ಹಾದಿ’, ‘ಹೊತ್ತು ಮುಳುಗುವುದರೊಳಗೆ ಮುಟ್ಟಬಹುದು’ ಎನ್ನುತ್ತಿದ್ದ ಹಿರಿಯರಿಗೆ ಮೈಲಿಯ ಲೆಕ್ಕ ಬೇಕಿರಲಿಲ್ಲ. ಇಂದು ಮಕ್ಕಳನ್ನು ಕ್ಯಾಲಿಫೋರ್ನಿಯಕ್ಕೆ ಕಳುಹಿಸಿರುವ ತಂದೆತಾಯಿಗಳು ಕೇಳುವುದೂ ಅದನ್ನೇ: ಅಲ್ಲಿ ಹೊರಟವರು ಇಲ್ಲಿಗೆ ಎಷ್ಟು ಹೊತ್ತಿಗೆ ಬಂದಾರು? ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರುವಾಗ ಈ ಪ್ರಶ್ನೆ ಬರಿಯ ಕುತೂಹಲವಾಗಿ ಉಳಿಯುವುದಿಲ್ಲ.

ಮೊದಲು ದೂರದ ಮಾತು. ಗೋಡೆಯ ಭೂಪಟವನ್ನು ನಂಬಿದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರು ಪೆಸಿಫಿಕ್ ಸಾಗರವನ್ನು ಅಡ್ಡಡ್ಡವಾಗಿ ದಾಟಬೇಕು. ಆದರೆ ಭೂಪಟ ಚಪ್ಪಟೆ, ಭೂಮಿ ಗುಂಡು. ಭೂಗೋಲದ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಹಿಮಾಲಯವನ್ನು ಹತ್ತಿ, ಸೈಬೀರಿಯವನ್ನು ಹಾಯ್ದು, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಅದೇ ಅತಿ ಹತ್ತಿರದ ಹಾದಿ. ಸುಮಾರು 14,000 ಕಿಲೋಮೀಟರು.

2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಈ ಎರಡು ಊರುಗಳ ನಡುವೆ ಎಲ್ಲಿಯೂ ನಿಲ್ಲದ ಹಾರಾಟವನ್ನು ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ಮಹಿಳೆಯರೇ ನಡೆಸಿದ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿತು. ಧ್ರುವದ ಮೂಲಕವೇ ಗೆರೆ ಎಳೆದರೆ ಹಾದಿ ನಾನೂರು ಕಿಲೋಮೀಟರಿನಷ್ಟು ಹೆಚ್ಚುತ್ತದೆ. ವಿಮಾನದ ವೇಗಕ್ಕೆ ಅದು ಅರ್ಧ ತಾಸಿಗೂ ಕಡಿಮೆ. ಹತ್ತಿರದ ಹಾದಿ ಇರುವಾಗ ಇಷ್ಟನ್ನೇಕೆ ಬಳಸಬೇಕು ಎಂದು ಕೇಳಬಹುದು. ಅದಕ್ಕೆ ಉತ್ತರ ಗಾಳಿಯಲ್ಲಿದೆ.

ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ವಾಯುಪ್ರವಾಹ ಹರಿಯುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು. ವಿಮಾನಕ್ಕೆ ಗಂಟೆಗೆ 900 ಕಿಲೋಮೀಟರು ವೇಗವಿದೆ ಎನ್ನೋಣ. ಹಾದಿಯುದ್ದಕ್ಕೂ ಗಂಟೆಗೆ ನೂರು ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ 14,000 ಕಿಲೋಮೀಟರಿಗೆ 14 ಗಂಟೆ ಸಾಕು. ಎದುರಾದರೆ ಹದಿನೇಳೂವರೆ ಗಂಟೆ ಬೇಕು. ನೆಲದ ಅಳತೆ ಅದೇ, ಮೂರೂವರೆ ಗಂಟೆಯ ಅಂತರ ಗಾಳಿಯದು. ತೇರು ಎಳೆಯುವವರು ಇಳಿಜಾರನ್ನು ನೋಡಿಕೊಳ್ಳುವಂತೆ, ವೈಮಾನಿಕರು ಆಯಾ ದಿನದ ಗಾಳಿಯನ್ನು ನೋಡಿ ಹಾದಿಯನ್ನು ಆರಿಸುತ್ತಾರೆ. ಮೈಲಿಯನ್ನು ಕೊಟ್ಟು ಗಳಿಗೆಯನ್ನು ಕೊಳ್ಳುವ ವ್ಯಾಪಾರ ಇದು.

ಇನ್ನು ಗಡಿಯಾರದ ತೊಡಕು. ಆ ವಿಮಾನ ಹೊರಟದ್ದು ಜನವರಿ 9ರ ಶನಿವಾರ ರಾತ್ರಿ. ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಪಂಚಾಂಗ ನೋಡಿದವರಿಗೆ ಭಾನುವಾರವೆಲ್ಲ ಆಕಾಶದಲ್ಲಿ ಕರಗಿಹೋದಂತೆ ಕಾಣುತ್ತದೆ. ಕುಳಿತವರು ಕಳೆದದ್ದು ಸುಮಾರು 17 ಗಂಟೆ ಮಾತ್ರ. ಮಿಕ್ಕ ಹದಿಮೂರೂವರೆ ಗಂಟೆ ಎರಡು ದೇಶಗಳ ಗಡಿಯಾರಗಳಿಗೆ ಸೇರಿದ್ದು. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದರಿಂದ ಈ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ವೇಳಾಪಟ್ಟಿ ತೋರಿಸುವ ಅವಧಿಯಲ್ಲಿ ನೆಲದ ಮೇಲೆ ವಿಮಾನ ಉರುಳುವ ಹೊತ್ತೂ ಸೇರಿರುತ್ತದೆ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಹಿಡಿಯುವ ಹೊತ್ತು ಸೇರಿರುವುದಿಲ್ಲ.

ಆದ್ದರಿಂದ ಕಾಯುವವರು ಒಂದೇ ಅಂಕಿಯನ್ನು ಹಿಡಿದು ಕೂರಬಾರದು. ಮಕ್ಕಳು ಹೊರಟ ಗಳಿಗೆಯನ್ನು ನಮ್ಮ ಗಡಿಯಾರಕ್ಕೆ ತಿರುಗಿಸಿಕೊಂಡು, ಗಾಳಿಗೆ ಒಂದೆರಡು ತಾಸು, ನೆಲದ ಹಾದಿಗೆ ಮೂರು ನಾಲ್ಕು ತಾಸು ಕೂಡಿಸಿಕೊಳ್ಳಬೇಕು. ಸಮುದ್ರ ದಾಟಲು ಹಡಗಿನಲ್ಲಿ ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ಹೋದವರು ಸಮಯಕ್ಕೆ ಬಂದಾರೆಂಬ ಆಸೆಯೇ ಇರಲಿಲ್ಲ. ಇಂದು ಆಸೆಯುಂಟು, ಗಳಿಗೆ ಎಣಿಸುವ ಆತಂಕ ಹುಟ್ಟಿದ್ದೂ ಅದರಿಂದಲೇ.