‘ಡಿರೈಸಿವ್’ ಮತ್ತು ‘ಡಿರೈಸರಿ’: ಎರಡು ಆಂಗ್ಲ ವಿಶೇಷಣಗಳ ಅರ್ಥವಿವೇಚನೆ

ಇತಿಹಾಸದ ಆಂಗ್ಲ ಆಕರಗಳನ್ನು ಓದುವಾಗ ನಾವು ನಾಮಪದಗಳಲ್ಲಿ ಎಡವುವುದಕ್ಕಿಂತ ವಿಶೇಷಣಗಳಲ್ಲಿ ಎಡವುವುದೇ ಹೆಚ್ಚು. ‘ಡಿರೈಸಿವ್’, ‘ಡಿರೈಸರಿ’ ಎಂಬ ಜೋಡಿ ಇದಕ್ಕೆ ತಕ್ಕ ನಿದರ್ಶನ.

ಎರಡಕ್ಕೂ ಮೂಲ ಒಂದೇ. ಲ್ಯಾಟಿನ್ನಿನ ‘ರಿಡೇರೆ’ ಎಂದರೆ ನಗು; ‘ಡೆ’ ಎಂಬ ಉಪಸರ್ಗ ಸೇರಿದಾಗ ಅದು ಇನ್ನೊಬ್ಬರನ್ನು ಕೀಳಾಗಿಸುವ ನಗೆ. ‘ರಿಡಿಕ್ಯುಲಸ್’ ಕೂಡ ಇದೇ ವಂಶದ ಶಬ್ದ. 17ನೆಯ ಶತಮಾನದಲ್ಲಿ ಆಂಗ್ಲಕ್ಕೆ ಬಂದ ಈ ಎರಡು ರೂಪಗಳು ಮೊದಲು ಸಮಾನಾರ್ಥಕಗಳಾಗಿದ್ದವು. ಬಳಿಕ ದಾರಿ ಕವಲೊಡೆಯಿತು. ಇಂದು ‘ಡಿರೈಸಿವ್’ ನಗುವವನ ಭಾವವನ್ನು ಸೂಚಿಸುತ್ತದೆ: ಅಪಹಾಸ್ಯದ ನಗೆ, ಅಪಹಾಸ್ಯದ ಕೇಕೆ. ‘ಡಿರೈಸರಿ’ ನಗೆಗೆ ಈಡಾದ ವಸ್ತುವಿನ ಗುಣವನ್ನು, ವಿಶೇಷವಾಗಿ ಅದರ ಅಲ್ಪತೆಯನ್ನು ಹೇಳುತ್ತದೆ: ನಗೆಪಾಟಲಾದ ಪರಿಹಾರಧನ, ಹೆಸರಿಗಷ್ಟೇ ಎಂಬಂಥ ದಂಡ. ಕನ್ನಡದಲ್ಲಿ ಮೊದಲನೆಯದಕ್ಕೆ ‘ಅಪಹಾಸ್ಯಪೂರ್ಣ’, ಎರಡನೆಯದಕ್ಕೆ ‘ಹಾಸ್ಯಾಸ್ಪದ’ ಎಂಬುದು ಯುಕ್ತ. ‘ಆಸ್ಪದ’ ಎಂದರೆ ನೆಲೆಯಲ್ಲವೇ?

ಈ ಭೇದ ಕೇವಲ ಕೋಶದ ವಿಷಯವಲ್ಲ. ಸಂಧಾನವೊಂದರಲ್ಲಿ ಮುಂದಿಟ್ಟ ಮೊತ್ತ ‘ಡಿರೈಸರಿ’ ಎಂದಿದ್ದರೆ ಅದು ತೀರ ಅಲ್ಪವೆಂದಷ್ಟೇ ತಾತ್ಪರ್ಯ. ಅದನ್ನು ‘ಅಪಹಾಸ್ಯ ಮಾಡುವ ಮೊತ್ತ’ ಎಂದು ಅನುವಾದಿಸಿದರೆ, ಕೊಟ್ಟವನಲ್ಲಿ ಇಲ್ಲದಿದ್ದ ದುರುದ್ದೇಶವನ್ನು ನಾವೇ ಆರೋಪಿಸಿದಂತಾಗುತ್ತದೆ.

ಇಂಥದೇ ಇನ್ನೊಂದು ಜೋಡಿಯನ್ನು ನೋಡಬಹುದು. ‘ಕಂಟೆಂಪ್ಟಿಬಲ್’ ಎಂದರೆ ತಿರಸ್ಕಾರಕ್ಕೆ ಅರ್ಹವಾದುದು. ‘ಕಂಟೆಂಪ್ಚುಅಸ್’ ಎಂದರೆ ತಿರಸ್ಕಾರ ತೋರುವುದು. 1914ರ ಆಗಸ್ಟಿನಲ್ಲಿ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಬ್ರಿಟಿಷ್ ದಂಡಯಾತ್ರಾ ಸೈನ್ಯವನ್ನು ತುಚ್ಛವಾದ ಪುಟ್ಟ ಸೈನ್ಯವೆಂದು ಜರೆದು ಆಜ್ಞೆ ಹೊರಡಿಸಿದನೆಂಬ ಸುದ್ದಿ ಬ್ರಿಟನ್ನಿನಲ್ಲಿ ಹಬ್ಬಿತು. ಬದುಕುಳಿದ ಯೋಧರು ಆ ಬೈಗುಳನ್ನೇ ಬಿರುದಾಗಿ ಧರಿಸಿ ‘ಓಲ್ಡ್ ಕಂಟೆಂಪ್ಟಿಬಲ್ಸ್’ ಎನಿಸಿಕೊಂಡರು. ಯುದ್ಧಾನಂತರ ಶೋಧಿಸಿದಾಗ ಅಂಥ ಆಜ್ಞೆಯ ಮೂಲಪ್ರತಿ ಜರ್ಮನ್ ದಾಖಲೆಗಳಲ್ಲಿ ದೊರೆಯಲಿಲ್ಲ. ಆರ್ಥರ್ ಪಾನ್ಸನ್‌ಬಿ 1928ರ ತಮ್ಮ ಗ್ರಂಥದಲ್ಲಿ ಇದನ್ನು ಯುದ್ಧಕಾಲದ ಮಿಥ್ಯೆಗಳ ಸಾಲಿಗೆ ಸೇರಿಸಿದರು. ಆದರೂ ಹೆಸರು ಉಳಿಯಿತು.

ಆದುದರಿಂದ ವಿದ್ಯಾರ್ಥಿಗಳು ಇಂಥ ವಿಶೇಷಣ ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ನಗುವವರಾರು? ನಗೆಗೆ ಗುರಿಯಾದವರಾರು? ಬರಹ ಯಾವ ಕಾಲದ್ದು? ಹಳೆಯ ಬರಹಗಳಲ್ಲಿ ‘ಡಿರೈಸರಿ’ ಅಪಹಾಸ್ಯಪೂರ್ಣವೆಂಬ ಅರ್ಥದಲ್ಲಿಯೂ ಬರುವುದರಿಂದ ಕೊನೆಯ ಪ್ರಶ್ನೆಯನ್ನು ಮರೆಯಲಾಗದು. ಇವುಗಳಿಗೆ ಉತ್ತರ ದೊರೆತ ಮೇಲೆಯೇ ಅನುವಾದಕ್ಕೆ ತೊಡಗುವುದು ಉಚಿತವೆಂದು ನಮ್ಮ ಅಭಿಪ್ರಾಯ.