ಹೈಸ್ಕೂಲಿನ ಆ ಬೈಗುಳ: ತಪ್ಪು ಕಲ್ಪನೆಗಳು ಮತ್ತು ಸತ್ಯ

'ಛಕ್ಕಾ', 'ಬಾಯಲ್ಯಾ', 'ಮೀಠಾ'. ಮುಂಬಯಿಯ ಬೊರಿವಲಿಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗರಿಗೆ ಹೆಣ್ಣಿಗ, ಗೇ ಎಂದು ಹಂಗಿಸುವ ಈ ಮಾತುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಡಿಗೆ ಮೆದುವಾಗಿದ್ದರೆ, ಹುಡುಗಿಯರ ಜೊತೆ ಹೆಚ್ಚು ಮಾತಾಡಿದರೆ ಸಾಕು, ಹೆಸರು ಅಂಟಿಕೊಳ್ಳುತ್ತದೆ. ಉಡುಪಿ, ಮಂಗಳೂರು ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ ನಮ್ಮ ಮನೆಗಳ ಮಕ್ಕಳೂ ಇದನ್ನು ಕೇಳುತ್ತಾರೆ. ಇನ್ನೊಬ್ಬರಿಗೆ ಅನ್ನುತ್ತಾರೆ ಕೂಡ.

ತಪ್ಪು ಕಲ್ಪನೆ: ಸಲಿಂಗಾಕರ್ಷಣೆಯೆಲ್ಲ ಮುಂಬಯಿ ಗಾಳಿ, ಮೊಬೈಲಿನ ಪ್ರಭಾವ. ಊರಲ್ಲಿ ಇಂಥದ್ದಿರಲಿಲ್ಲ.

ಸತ್ಯ: ಊರಲ್ಲೂ ಇತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. 2013ರಲ್ಲಿ ಗೇ ಬದುಕಿನ 'ಮೋಹನಸ್ವಾಮಿ' ಕಥೆಗಳನ್ನು ಪ್ರಕಟಿಸಿದ ವಸುಧೇಂದ್ರ ಸಂಡೂರಿನವರು. ಮುಂಬಯಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ 'ಕಶಿಶ್' ಚಿತ್ರೋತ್ಸವ ಕಟ್ಟಿದ ಶ್ರೀಧರ್ ರಂಗಾಯನ್ ಮಂಡ್ಯದವರು. ಅವರು ಬೆಳೆಯುವಾಗ ಮೊಬೈಲ್ ಎಲ್ಲಿತ್ತು?

ತಪ್ಪು ಕಲ್ಪನೆ: ಡಾಕ್ಟರಿಗೆ ತೋರಿಸಿದರೆ, ಮುಂದೆ ಮದುವೆ ಮಾಡಿದರೆ ಸರಿಹೋಗುತ್ತದೆ.

ಸತ್ಯ: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ಇದು ಮನೋರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಹೇಳಿತು. 'ಬದಲಾಯಿಸುವ' ಚಿಕಿತ್ಸೆಯನ್ನು ನಿಷೇಧಿಸಬೇಕೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ನಿರ್ದೇಶಿಸಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿದುರ್ನಡತೆ ಎಂದು ಘೋಷಿಸಿತು. ಗುಣಪಡಿಸುತ್ತೇನೆಂದು ದುಡ್ಡು ಕೇಳುವವನು ಮೋಸಗಾರ. ಇನ್ನು ಮದುವೆ. ಏನೂ ತಿಳಿಯದ ಒಬ್ಬ ಹುಡುಗಿಯ ಬದುಕನ್ನು ಅದಕ್ಕೆ ಬಲಿ ಕೊಡುವ ಹಕ್ಕು ಯಾವ ತಂದೆತಾಯಿಗೂ ಇಲ್ಲ.

ತಪ್ಪು ಕಲ್ಪನೆ: ಹುಡುಗರಾಟ, ಚುಡಾಯಿಸಿದರೆ ಗಟ್ಟಿಯಾಗುತ್ತಾನೆ.

ಸತ್ಯ: ಇದು ಎಲ್ಲಕ್ಕಿಂತ ಕ್ರೂರವಾದ ನಂಬಿಕೆ. ತಮಿಳುನಾಡಿನಲ್ಲಿ ಯುನೆಸ್ಕೋ ನಡೆಸಿದ ಅಧ್ಯಯನದಲ್ಲಿ ಮಾತಾಡಿದ ಲೈಂಗಿಕ ಅಲ್ಪಸಂಖ್ಯಾತ ಯುವಜನರಲ್ಲಿ ಸುಮಾರು ಮೂರನೇ ಒಂದು ಭಾಗದವರು ಶಾಲೆ ಬಿಡಲು ಈ ಕಿರುಕುಳವೇ ಮುಖ್ಯ ಕಾರಣ ಎಂದಿದ್ದರು. ಓದು ನಿಂತವನು ಗಟ್ಟಿಯಾಗುವುದು ಹೇಗೆ? ಬಿಡುವಿನಲ್ಲಿ ಶೌಚಾಲಯಕ್ಕೆ ಹೋಗಲು ಹೆದರುವುದು, ಪಿ.ಟಿ. ಇರುವ ದಿನ ಹೊಟ್ಟೆನೋವು ಬರುವುದು, ಅಂಕಗಳು ಇದ್ದಕ್ಕಿದ್ದಂತೆ ಇಳಿಯುವುದು: ಇಂಥವನ್ನು ಮನೆಯವರು ಸೋಮಾರಿತನ ಎಂದುಕೊಳ್ಳುತ್ತಾರೆ. ಮೇಷ್ಟ್ರೇ ನಕ್ಕುಬಿಟ್ಟರಂತೂ ಆ ಮಗುವಿಗೆ ದೂರು ಹೇಳಲು ಯಾರೂ ಉಳಿಯುವುದಿಲ್ಲ.

ನಡಿಗೆ, ದನಿ ನೋಡಿದರೆ ಗೊತ್ತಾಗುತ್ತದೆ ಎನ್ನುವುದೂ ಸುಳ್ಳು. ಬೈಸಿಕೊಳ್ಳುವವನು ಗೇ ಆಗಿರಲೇಬೇಕಿಲ್ಲ. ನಿಜವಾಗಿ ಗೇ ಆದವನು ಕ್ರಿಕೆಟ್ ತಂಡದಲ್ಲಿದ್ದು, ಸಿಕ್ಕಿಬೀಳುವ ಭಯಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿರಬಹುದು.

ತಪ್ಪು ಕಲ್ಪನೆ: 377ನೇ ಕಲಮಿನ ತೀರ್ಪು ಬಂದಾಯಿತಲ್ಲ, ಇನ್ನೇನು ತೊಂದರೆ?

ಸತ್ಯ: 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅಪರಾಧದ ಹಣೆಪಟ್ಟಿ ತೆಗೆದದ್ದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧದಿಂದ. ತರಗತಿಯ ಬೈಗುಳ ಅದರಿಂದ ನಿಲ್ಲಲಿಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಶಿಕ್ಷಕರೇ ಅಣಕಿಸಿದರೆ ಆ ಕಲಮನ್ನು ಹೆಸರಿಸಿ ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಡಿ.

ನಿಮ್ಮ ಮಗನೋ ಮಗಳೋ ತಮ್ಮ ಸಲಿಂಗಾಕರ್ಷಣೆಯ ಬಗ್ಗೆ ಹೇಳಿಕೊಂಡ ದಿನ 'ಜನ ಏನಂತಾರೆ' ಎನ್ನಬೇಡಿ; ಪೂರ್ತಿ ಕೇಳಿ. ಇದೇ ದಾರಿ ನಡೆದ ತಂದೆತಾಯಂದಿರ 'ಸ್ವೀಕಾರ್' ಬಳಗವಿದೆ. ಲೋಕಲ್ ರೈಲು ಹತ್ತಿದರೆ ಸಾಂತಾಕ್ರೂಜ್‌ನಲ್ಲಿ 1994ರಲ್ಲಿ ಸ್ಥಾಪನೆಯಾದ, ಲೈಂಗಿಕ ಅಲ್ಪಸಂಖ್ಯಾತರಿಗೆ ನೆರವಾಗುವ ಹಮ್‌ಸಫರ್ ಟ್ರಸ್ಟ್ ಇದೆ. ಮನಸ್ಸು ಕುಸಿದ ಮಗುವಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.